ರೋಗಿಯ ‘ಬೇಡ’ಕ್ಕೆ ಬೆಲೆ ಎಷ್ಟು?

1993ರಲ್ಲಿ ಇಂಗ್ಲೆಂಡಿನ ಬ್ರಾಡ್‌ಮೂರ್ ಮಾನಸಿಕ ಆಸ್ಪತ್ರೆಯಲ್ಲಿದ್ದ 68 ವರ್ಷದ ಒಬ್ಬರ ಪಾದಕ್ಕೆ ಗ್ಯಾಂಗ್ರಿನ್ ಹತ್ತಿತು. ಮೊಣಕಾಲಿನ ಕೆಳಗೆ ಕತ್ತರಿಸದಿದ್ದರೆ ಉಳಿಯುವ ಸಾಧ್ಯತೆ ನೂರಕ್ಕೆ 15 ಎಂದರು ಶಸ್ತ್ರವೈದ್ಯರು. ರೋಗಿ ಒಪ್ಪಲಿಲ್ಲ. ಒಂಟಿ ಕಾಲಲ್ಲಿ ಬದುಕುವುದಕ್ಕಿಂತ ಎರಡೂ ಕಾಲಿದ್ದು ಸಾಯುವುದೇ ಮೇಲು ಎಂಬ ಹಟ ಅವರದು. ಅವರಿಗೆ ಸ್ಕಿಜೋಫ್ರೇನಿಯಾ ಇತ್ತು. ತಾವು ಜಗತ್ಪ್ರಸಿದ್ಧ ವೈದ್ಯರೆಂದು ನಂಬಿದ್ದರು.

ಅಂಥವರ ‘ಬೇಡ’ವನ್ನು ಒಪ್ಪಬೇಕೇ? ವಿಷಯ ಕೋರ್ಟಿಗೆ ಹೋದಾಗ ನ್ಯಾಯಮೂರ್ತಿ ಥೋರ್ಪ್ ಕಾಯಿಲೆಯ ಹೆಸರು ನೋಡಿ ತೀರ್ಮಾನಿಸಲಿಲ್ಲ. ವೈದ್ಯರು ಹೇಳಿದ್ದು ಅರ್ಥವಾಗಿ ನೆನಪಲ್ಲಿ ಉಳಿಯಿತೇ, ಅದನ್ನು ನಂಬಿದರೇ, ಒಳಿತು ಕೆಡಕು ತೂಗಿ ನೋಡಿದರೇ ಎಂದಷ್ಟೇ ಕೇಳಿದರು. ಮೂರಕ್ಕೂ ಹೌದೆಂಬ ಉತ್ತರ ಸಿಕ್ಕಿತು. ಲಿಖಿತ ಒಪ್ಪಿಗೆಯಿಲ್ಲದೆ ಕಾಲು ಕತ್ತರಿಸಕೂಡದೆಂದು ತೀರ್ಪಾಯಿತು. ಅಷ್ಟರಲ್ಲಿ ಬೇರೆ ಚಿಕಿತ್ಸೆಯಿಂದ ಆ ಹೊತ್ತಿನ ಅಪಾಯ ಕಳೆದಿತ್ತು. ಕಳೆಯದಿದ್ದರೂ ತೀರ್ಪು ಸರಿಯೇ. ತೀರ್ಮಾನಿಸುವ ಸಾಮರ್ಥ್ಯವನ್ನು ಫಲದಿಂದ ಅಳೆಯುವುದಿಲ್ಲ.

ನಮ್ಮ ಹೊರರೋಗಿ ವಿಭಾಗಗಳಲ್ಲಿ “ಅವನಿಗೇನು ಗೊತ್ತಾಗುತ್ತೆ ಡಾಕ್ಟ್ರೇ, ನಮ್ಮನ್ನ ಕೇಳಿ” ಎನ್ನುವುದು ವಾಡಿಕೆ. ಅಕ್ಕರೆಯಿಂದಲೇ ಆಡುವ ಮಾತು, ಆದರೆ ತಪ್ಪು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 4ನೇ ಸೆಕ್ಷನ್ ಮಾಹಿತಿ ಗ್ರಹಿಸುವುದು, ಪರಿಣಾಮ ಅರಿಯುವುದು, ಮಾತಿನಿಂದಲೋ ಸನ್ನೆಯಿಂದಲೋ ತಿಳಿಸುವುದು ಎಂಬ ಮೂರನ್ನು ಹೆಸರಿಸುತ್ತದೆ. ರೋಗಿಯ ತೀರ್ಮಾನ ಇತರರಿಗೆ ತಪ್ಪೆನಿಸಿದ ಮಾತ್ರಕ್ಕೆ ಸಾಮರ್ಥ್ಯವಿಲ್ಲ ಎನ್ನಲಾಗದು ಎಂದೂ ಅದರಲ್ಲಿದೆ. ಮೂರರ ನಡುವೆ ಕಾಯ್ದೆ ‘ಅಥವಾ’ ಎಂದು ಬರೆದಿರುವುದು ಸರಿಯಲ್ಲ. ಬರೀ ತಲೆಯಾಡಿಸಿದರೆ ಸಾಕೇ?

ಸಾಮರ್ಥ್ಯ ಪರೀಕ್ಷೆಯ ತಿರುಳು ಸರಳ. ಆಡುಮಾತಿನಲ್ಲಿ ವಿವರಿಸಿ, “ಈ ಮಾತ್ರೆ ಯಾಕೆ ಅಂತ ನಿಮ್ಮ ಮಾತಲ್ಲೇ ಹೇಳಿ” ಎನ್ನಬೇಕು. “ತಗೊಂಡ್ರೆ ಕೈ ನಡುಗುತ್ತೆ, ಹೊಲದ ಕೆಲಸ ಆಗಲ್ಲ, ಬೇಡ” ಎಂದರೆ ಅದು ತೂಗಿ ಆಡಿದ ಮಾತು. “ಅದರಲ್ಲಿ ವಿಷ ಬೆರೆಸಿದ್ದಾರೆ” ಎಂದರೆ ಕಾಯಿಲೆಯೇ ಉತ್ತರ ಹೇಳುತ್ತಿರಬಹುದು. ಕಷ್ಟವಿರುವುದು ತೀವ್ರ ಖಿನ್ನತೆಯಲ್ಲಿ. ಎಲ್ಲವನ್ನೂ ಚೆನ್ನಾಗಿ ತಿಳಿದುಕೊಂಡೇ, “ನಾನು ಉಳಿದು ಯಾರಿಗೇನು” ಎನ್ನುವ ತಾಯಿಯ ಎದುರು ಐದು ನಿಮಿಷದ ಮಾತುಕತೆ ಸಾಲದು. ಮತ್ತೆ ಮತ್ತೆ ಕೂತು ಕೇಳಬೇಕು.

ಈ ಸಾಮರ್ಥ್ಯ ಬರುತ್ತದೆ, ಹೋಗುತ್ತದೆ. ಮದ್ದಿನ ಮಂಪರಿನಲ್ಲಿ ಬೆಳಿಗ್ಗೆ ಇಲ್ಲದ್ದು ಸಂಜೆಗೆ ಇದ್ದೀತು. ಹಣದ ಲೆಕ್ಕ ತಪ್ಪುವವರೂ ಚಿಕಿತ್ಸೆಯ ಬಗ್ಗೆ ತೀರ್ಮಾನಿಸಬಲ್ಲರು. ಅದಕ್ಕೇ, ಕಾಯ್ದೆಯ 89ನೇ ಸೆಕ್ಷನ್ನಿನಡಿ ದಾಖಲಾದ ರೋಗಿಯ ಪರವಾಗಿ ನಾಮನಿರ್ದೇಶಿತ ಪ್ರತಿನಿಧಿ ಒಪ್ಪಿಗೆ ಕೊಟ್ಟಿದ್ದರೆ, 7 ದಿನಕ್ಕೊಮ್ಮೆ ರೋಗಿಯ ಸಾಮರ್ಥ್ಯವನ್ನು ಮರುಪರಿಶೀಲಿಸಬೇಕು.

ಮುಂದೆ ಕಾಯಿಲೆ ಮರುಕಳಿಸಿದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರ ಯಾರು ಮಾತಾಡಬೇಕು ಎಂದು ವಯಸ್ಕರು ಮುಂಚೆಯೇ ಬರೆದಿಡಲು ಇದೇ ಕಾಯ್ದೆಯಲ್ಲಿ ಅವಕಾಶವಿದೆ. ನಿಮ್ಮ ಮನೆಯಲ್ಲಿ ಇಂಥ ಕಾಯಿಲೆ ಅನುಭವಿಸಿದವರಿದ್ದರೆ, ಅವರು ಗೆಲುವಾಗಿರುವ ಒಂದು ದಿನ ಪಕ್ಕದಲ್ಲಿ ಕೂತು ಕೇಳಿ, ಬರೆಸಿಡಿ.