ಡಿಸ್ಟ್ರಿಬ್ಯೂಟರ್ ತಿರುಗಿಸೋಕೆ ಮುಂಚೆ ಬೆಲ್ಟ್ ನೋಡ್ರಿ

ನಮ್ಮ ಹೊಲದಿಂದ ಹೇಮಗುಡ್ಡದ ಡಾಂಬರು ರಸ್ತೆಗೆ ಹತ್ತಲು ಒಂದು ಸಣ್ಣ ಏರು ಇದೆ. ಹೋದ ಬೇಸಿಗೆಯ ಒಂದು ನಸುಕಿನಲ್ಲಿ ಹನ್ನೆರಡು ಕ್ರೇಟ್ ಬದನೆ, ಟೊಮೆಟೊ ಹೇರಿಕೊಂಡ ನನ್ನ ಹಳೇ ಓಮ್ನಿ ಆ ಏರಿನ ನಡುವೆ ನಿಂತೇ ಬಿಟ್ಟಿತು. ಮೊದಲನೇ ಗೇರಿಗೆ ಹಾಕಿದರೂ ಉಸಿರು ಕಟ್ಟಿದಂತೆ. ಗಂಗಾವತಿ ಮಾರ್ಕೆಟ್ ಮುಟ್ಟುವಷ್ಟರಲ್ಲಿ ಹರಾಜು ಮುಗಿದಿತ್ತು. ಸಿಕ್ಕ ದರಕ್ಕೆ ಕೊಟ್ಟು ಬಂದೆ.

ಪ್ಲಗ್ ಬದಲಿಸಿದೆ, ಏರ್ ಫಿಲ್ಟರ್ ಜಾಡಿಸಿದೆ. ಏನೂ ಬದಲಾಗಲಿಲ್ಲ. "ಟೈಮಿಂಗ್ ಬಿಟ್ಟದ ತಮ್ಮಾ, ಡಿಸ್ಟ್ರಿಬ್ಯೂಟರ್ ಸ್ವಲ್ಪ ತಿರುಗಿಸು" ಅಂದರು ಕಾಕಾ. ತಿರುಗಿಸಿದೆ. ನಿಂತಲ್ಲಿ ಇಂಜಿನ್ ಚೆಂದ ಓಡಿತು, ನನಗೂ ಖುಷಿ. ಮರುದಿನ ಅದೇ ಏರು, ಅದೇ ಕಥೆ. ಹಿಂಗ ಮೂರು ವಾರ ಕಳೆದವು.

ತಪ್ಪು ಎಲ್ಲಿತ್ತು ಅಂದರೆ, ಟೈಮಿಂಗ್ ಅನ್ನೋದು ಒಂದಲ್ಲ, ಎರಡು. ಪ್ಲಗ್ಗಿನ ಕಿಡಿ ಯಾವಾಗ ಹಾರಬೇಕು ಅನ್ನೋದು ಒಂದು. ವಾಲ್ವ್‌ಗಳು ಯಾವಾಗ ತೆರೆದು ಮುಚ್ಚಬೇಕು ಅನ್ನೋದು ಇನ್ನೊಂದು. ಓಮ್ನಿಯ 796 ಸಿಸಿ, ಮೂರು ಸಿಲಿಂಡರ್ ಇಂಜಿನ್‌ನಲ್ಲಿ ವಾಲ್ವ್ ನಡೆಸುವ ಕ್ಯಾಮ್ ಶಾಫ್ಟ್ ತಿರುಗುವುದು ಟೈಮಿಂಗ್ ಬೆಲ್ಟ್‌ನಿಂದ. ಡಿಸ್ಟ್ರಿಬ್ಯೂಟರ್ ತಿರುಗುವುದು ಆ ಕ್ಯಾಮ್‌ನಿಂದ. ಬೆಲ್ಟ್ ಒಂದು ಹಲ್ಲು ಜಿಗಿದರೆ ವಾಲ್ವೂ ತಡ, ಕಿಡಿಯೂ ತಡ. ಡಿಸ್ಟ್ರಿಬ್ಯೂಟರ್ ತಿರುಗಿಸಿ ನಾನು ಕಿಡಿಯನ್ನು ಮಾತ್ರ ಸರಿಮಾಡಿದ್ದೆ. ವಾಲ್ವ್ ತಡವಾಗಿಯೇ ಉಳಿದಿತ್ತು. ಬೇರಿಗೆ ಜಂತುಗಂಟು ಬಿದ್ದ ಪೇರಲ ಗಿಡದ ಎಲೆ ಹಳದಿ ಆಯ್ತು ಅಂತ ಲಘುಪೋಷಕಾಂಶ ಸಿಂಪಡಿಸಿದ ಹಾಗೆ. ಮುನಿರಾಬಾದ್ ತೋಟಗಾರಿಕೆ ಕಾಲೇಜಿನಲ್ಲಿ ಇದನ್ನೇ ಓದಿ ಬಂದವನು, ಗಾಡಿ ಮುಂದೆ ಮರೆತೆ!

ಮನೆಯಲ್ಲೇ ನೋಡುವುದು ಹೀಗೆ. ಇದು ಕಾರ್ಬುರೇಟರ್, ಡಿಸ್ಟ್ರಿಬ್ಯೂಟರ್ ಇರುವ ಹಳೇ ಗಾಡಿಗಳಿಗೆ ಮಾತ್ರ. ಈಗಿನ ಗಾಡಿಗಳಲ್ಲಿ ಕಿಡಿಯ ಲೆಕ್ಕ ಕಂಪ್ಯೂಟರ್ ಮಾಡುತ್ತದೆ, ಅಲ್ಲಿ ಸ್ಕ್ಯಾನರ್ ಬೇಕು.

ಇಂಜಿನ್ ತಣ್ಣಗಿರಲಿ, ಸಮತಟ್ಟು ಜಾಗ, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಪ್ಲಗ್ ವೈರ್ ಕೀಳುವ ಮುಂಚೆ ಮೊಬೈಲ್‌ನಲ್ಲಿ ಒಂದು ಫೋಟೊ ಹೊಡೆದುಕೊಳ್ಳಿ, ಮರಳಿ ಹಾಕುವಾಗ ಅದೇ ಗುರು. ಮೂರೂ ಪ್ಲಗ್ ಬಿಚ್ಚಿದರೆ ಇಂಜಿನ್ ಹಗುರಾಗಿ ತಿರುಗುತ್ತದೆ. ಒಂದನೇ ಸಿಲಿಂಡರಿನ ಪ್ಲಗ್ ತೂತಿಗೆ ಇನ್ನೊಬ್ಬರು ಹೆಬ್ಬೆರಳು ಒತ್ತಿ ಹಿಡಿಯಲಿ. ನೀವು ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ ಇಂಜಿನ್ ಓಡುವ ದಿಕ್ಕಿಗೇ ನಿಧಾನವಾಗಿ ತಿರುಗಿಸಿ. ಹಿಂದಕ್ಕೆ ತಿರುಗಿಸಬ್ಯಾಡ್ರಿ. ಗಾಳಿ ಬೆರಳನ್ನು ಹೊರಕ್ಕೆ ನೂಕಿದರೆ ಅದು ಕಂಪ್ರೆಷನ್. ಈ ಬೆರಳಿನ ಪರೀಕ್ಷೆ ಬಿಟ್ಟರೆ ಮೋಸ ಹೋಗುತ್ತೀರಿ. ಕ್ರ್ಯಾಂಕ್ ಎರಡು ಸುತ್ತು ಹೋದಾಗ ಕ್ಯಾಮ್ ಒಂದೇ ಸುತ್ತು, ಹಾಗಾಗಿ ಪಿಸ್ಟನ್ ಮೇಲೆ ಬಂದು ಗುರುತು ಕೂಡುವುದು ಎರಡು ಸಲ. ಒಂದು ಸಲ ಹೊಗೆ ಹೊರಹಾಕುವ ಹೊತ್ತು, ಅದು ನಮಗೆ ಬೇಡ.

ಗಾಳಿ ನೂಕಿದ ಮೇಲೆ ಪುಲ್ಲಿ ಅಥವಾ ಫ್ಲೈವೀಲ್ ಮೇಲಿನ ಗುರುತನ್ನು (ಮಾಡೆಲ್ ನೋಡಿಕೊಳ್ಳಿ) ಸೊನ್ನೆಗೆ ತನ್ನಿ. ಈಗ ಬೆಲ್ಟಿನ ಕವರ್ ಬಿಚ್ಚಿ ಕ್ಯಾಮ್ ಪುಲ್ಲಿಯ ಗುರುತು ತನ್ನ ಜೋಡಿ ಗುರುತಿಗೆ ಎದುರು ಇದೆಯೇ ನೋಡಿ. ನನ್ನ ಗಾಡಿಯಲ್ಲಿ ಒಂದು ಹಲ್ಲು ಪಕ್ಕಕ್ಕಿತ್ತು. ಬೆಲ್ಟ್ ಮೇಲೆ ಎಣ್ಣೆ ಜಿನುಗಿತ್ತು, ಅಂಚು ನೂಲು ಬಿಟ್ಟಿತ್ತು. ಸೆಕೆಂಡ್ ಹ್ಯಾಂಡ್ ತಂದಾಗಿನಿಂದ ನಾನದನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ.

ಬೆಲ್ಟಿನ ಗುರುತು ಸರಿ ಇದ್ದರೆ ಮಾತ್ರ ಡಿಸ್ಟ್ರಿಬ್ಯೂಟರ್ ಕಡೆ ಹೋಗಿ. ಕ್ಯಾಪ್ ತೆಗೆದರೆ ರೋಟರ್ ಒಂದನೇ ವೈರಿನ ಕಡೆ ಮುಖ ಮಾಡಿರಬೇಕು. ರೋಟರನ್ನು ಬೆರಳಿನಿಂದ ತುಸು ತಿರುವಿ ಬಿಟ್ಟರೆ ಸ್ಪ್ರಿಂಗ್ ಎಳೆತಕ್ಕೆ ಮರಳಿ ಬರಬೇಕು. ಬರದಿದ್ದರೆ ಒಳಗಿನ ತೂಕಗಳು ಹಿಡಿದುಕೊಂಡಿವೆ. ವ್ಯಾಕ್ಯೂಮ್ ಪೈಪ್ ಬಾಯಿಂದ ಎಳೆದರೆ ಒಳಗಿನ ಪ್ಲೇಟ್ ಸರಿಯಬೇಕು, ಎಳೆದು ಹಿಡಿದಷ್ಟು ಹೊತ್ತು ಹಾಗೇ ನಿಲ್ಲಬೇಕು. ನಿಲ್ಲದಿದ್ದರೆ ಡಯಾಫ್ರಾಮ್ ಹರಿದಿದೆ.

ಕಿವಿಯೂ ಒಂದು ಮೀಟರೇ. ಏರಿನಲ್ಲಿ ಕಟಕಟ ಅಂದರೆ, ಸೆಲ್ಫ್ ಹೊಡೆದಾಗ ಇಂಜಿನ್ ಹಿಂದಕ್ಕೆ ಒದ್ದಂತಾದರೆ ಕಿಡಿ ಮುಂಚೆ ಬರುತ್ತಿದೆ. ಪಿಕಪ್ ಇಲ್ಲ, ಬಿಸಿ ಜಾಸ್ತಿ, ಸೈಲೆನ್ಸರ್‌ನಲ್ಲಿ ಪಟಪಟ, ಪೆಟ್ರೋಲ್ ಕುಡಿಯುತ್ತದೆ ಅಂದರೆ ಕಿಡಿ ತಡ. ಆದರೆ ಕಲಬೆರಕೆ ಪೆಟ್ರೋಲ್ ಹಾಕಿಸಿದರೂ ಕಟಕಟ ಬರುತ್ತದೆ. ಡಿಸ್ಟ್ರಿಬ್ಯೂಟರ್ ಮುಟ್ಟುವ ಮುಂಚೆ ಬೇರೆ ಬಂಕಿನ ಪೆಟ್ರೋಲ್ ಹಾಕಿಸಿ ನೋಡಿ.

ನೋಡುವುದು ಮನೆಯಲ್ಲಿ, ಬೆಲ್ಟ್ ಹಾಕಿಸುವುದು ಗ್ಯಾರೇಜಿನಲ್ಲಿ, ಇದು ನನ್ನ ಲೆಕ್ಕ. ಟೆನ್ಷನರ್ ಬಿಗಿ ತಪ್ಪಿದರೆ ಹೊಸ ಬೆಲ್ಟೂ ಜಿಗಿಯುತ್ತದೆ. ಗುರುತಿನ ಫೋಟೊ ತೋರಿಸಿ "ಒಂದು ಹಲ್ಲು ಜಿಗಿದದ, ಎಣ್ಣೆ ಸೀಲೂ ನೋಡ್ರಿ" ಅಂದಾಗ ಮೆಕ್ಯಾನಿಕ್ ಬೇರೆ ಮಾತು ಆಡಲಿಲ್ಲ. ಬೆಲ್ಟ್, ಸೀಲ್ ಬದಲಿಸಿ, ನಾನು ತಿರುಗಿಸಿಟ್ಟಿದ್ದ ಡಿಸ್ಟ್ರಿಬ್ಯೂಟರನ್ನು ಟೈಮಿಂಗ್ ಲೈಟ್ ಹಿಡಿದು ಮರಳಿ ಜಾಗಕ್ಕೆ ತಂದ. ಹೊಸ ಬೆಲ್ಟ್ ಹಾಕಿದ ಮೇಲೆ ಇದನ್ನು ಮರೆಯಬೇಡಿ, ಇಲ್ಲದಿದ್ದರೆ ಕಿಡಿ ಮುಂಚೆ ಬಂದು ಕಟಕಟ ಶುರುವಾಗುತ್ತದೆ.

ಬೆಲ್ಟ್ ಹಾಕಿಸಿದ ತಾರೀಖು, ಕಿಲೋಮೀಟರ್ ಎರಡನ್ನೂ ಕವರ್ ಮೇಲೆ ಮಾರ್ಕರ್‌ನಿಂದ ಬರೆದಿಟ್ಟಿದ್ದೇನೆ. ಈಗ ಹನ್ನೆರಡು ಕ್ರೇಟ್ ಹೇರಿದರೂ ಆ ಏರನ್ನು ಎರಡನೇ ಗೇರಿನಲ್ಲಿ ಹತ್ತುತ್ತದೆ. ಕಾಕಾ ಮಾತ್ರ "ನಾ ಹೇಳಿದ್ದೆನಲ್ಲ, ಟೈಮಿಂಗ್ ಅಂತ" ಅನ್ನುತ್ತಾರೆ.