ತಪ್ಪು ಖಾತೆಗೆ ಬರೆದ ನಷ್ಟ: 2008ರ ಅಮೆರಿಕ ಚುನಾವಣೆಯ ಪಾಠ

ಪ್ರಥಮ ಪಿಯುಸಿಯಲ್ಲಿ ಅಕೌಂಟೆನ್ಸಿ ಸರ್ ಒಂದು ಉದಾಹರಣೆ ಕೊಟ್ಟಿದ್ದರು. ಅಂಗಡಿಯಿಂದ 5,000 ರೂಪಾಯಿಯ ಸಾಮಾನನ್ನು ಸಾಲಕ್ಕೆ ಒಯ್ದವನು ಗಿರೀಶ. ಗುಮಾಸ್ತ ಅದನ್ನು ಗಣೇಶನ ಖಾತೆಗೆ ಡೆಬಿಟ್ ಮಾಡಿಬಿಟ್ಟ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗುತ್ತದೆಯೇ ಎಂದು ಸರ್ ಕೇಳಿದರು. ನಾವೆಲ್ಲ ಒಟ್ಟಿಗೆ "ಇಲ್ಲ ಸರ್" ಎಂದೆವು. "ತಾಳೆಯಾಗುತ್ತದೆ ನೋಡಿ. ಮೊತ್ತ ಸರಿಯಿದೆ, ಡೆಬಿಟ್ ಬದಿಯೂ ಸರಿಯಿದೆ. ಖಾತೆ ಮಾತ್ರ ತಪ್ಪು. ಏನೂ ಕೊಳ್ಳದ ಗಣೇಶನ ಮನೆಗೆ ಬಾಕಿ ಕೇಳಲು ಹೋದ ದಿನವೇ ತಪ್ಪು ಗೊತ್ತಾಗುವುದು" ಎಂದರು.

ಈ ವರ್ಷ ಪ್ರಾಜೆಕ್ಟ್‌ಗಾಗಿ 2008ರ ಆರ್ಥಿಕ ಕುಸಿತದ ಬಗ್ಗೆ ಓದುವಾಗ ಈ ಉದಾಹರಣೆ ಮತ್ತೆ ಮತ್ತೆ ನೆನಪಾಯಿತು. ಆ ವರ್ಷ ಅಮೆರಿಕದಲ್ಲಿ ಎರಡು ದೊಡ್ಡ ಘಟನೆಗಳು ಒಟ್ಟಿಗೆ ನಡೆದವು. ಒಂದು ಕಡೆ ಬ್ಯಾಂಕುಗಳು ಮುಳುಗಿದವು. ಇನ್ನೊಂದು ಕಡೆ, ದೊಡ್ಡ ಪಕ್ಷವೊಂದರ ಅಭ್ಯರ್ಥಿಯಾಗಿ ಮೊದಲ ಬಾರಿಗೆ ಒಬ್ಬ ಕಪ್ಪುವರ್ಣೀಯರು ಅಧ್ಯಕ್ಷ ಚುನಾವಣೆಗೆ ನಿಂತಿದ್ದರು. ಜೇಬಿನ ಭಯ ಮತ್ತು ಬಣ್ಣದ ಭಯ ಒಂದೇ ಋತುವಿನಲ್ಲಿ ಬಂದರೆ ಏನಾಗುತ್ತದೆ? ನನಗೆ ಅರ್ಥವಾದಷ್ಟನ್ನು ಇಲ್ಲಿ ವಿವರಿಸುತ್ತೇನೆ.

ಕುಸಿತ ಆದದ್ದು ಹೇಗೆ?

2000ದ ನಂತರ ಅಮೆರಿಕದಲ್ಲಿ ಮನೆಗಳ ಬೆಲೆ ಏರುತ್ತಲೇ ಇತ್ತು. ತೀರಿಸುವ ಶಕ್ತಿ ಕಡಿಮೆ ಇದ್ದವರಿಗೂ ಕಂಪನಿಗಳು ಕರೆದು ಕರೆದು ಗೃಹಸಾಲ ಕೊಟ್ಟವು. ಇವೇ ಸಬ್‌ಪ್ರೈಮ್ ಸಾಲಗಳು. ಇವುಗಳಲ್ಲಿ ಹೆಚ್ಚಿನವಕ್ಕೆ ಮೊದಲ ಎರಡು ಮೂರು ವರ್ಷ ಕಂತು ಕಡಿಮೆ, ಆಮೇಲೆ ಬಡ್ಡಿ ಏರುತ್ತದೆ.

ಸಾಲ ಕೊಟ್ಟವನು ಅದು ವಾಪಸ್ ಬರುತ್ತದೆಯೋ ಇಲ್ಲವೋ ಎಂದು ಯೋಚಿಸಬೇಕಲ್ಲವೇ? ಅಲ್ಲೇ ಕುತ್ತು ಇದ್ದದ್ದು. ಕೊಟ್ಟ ಸಾಲವನ್ನು ಅವನು ಕೂಡಲೇ ಹೂಡಿಕೆ ಬ್ಯಾಂಕಿಗೆ ಮಾರಿಬಿಡುತ್ತಿದ್ದ. ಆ ಬ್ಯಾಂಕು ಸಾವಿರಾರು ಸಾಲಗಳನ್ನು ಒಂದು ಕಟ್ಟು ಮಾಡಿ ಬಾಂಡ್‌ಗಳಾಗಿ ಜಗತ್ತಿಗೆಲ್ಲ ಮಾರುತ್ತಿತ್ತು. ರೇಟಿಂಗ್ ಸಂಸ್ಥೆಗಳು ಅವುಗಳಲ್ಲಿ ಎಷ್ಟೋ ಬಾಂಡ್‌ಗಳಿಗೆ ಅತ್ಯುತ್ತಮ ದರ್ಜೆ ಕೊಟ್ಟವು. ಪ್ರತಿಯೊಬ್ಬರೂ ಕಮಿಷನ್ ಪಡೆದು ಅಪಾಯವನ್ನು ಮುಂದಿನವನಿಗೆ ದಾಟಿಸಿದರು.

2006ರ ನಂತರ ಮನೆಗಳ ಬೆಲೆ ಇಳಿಯಿತು. ಕಂತು ಕಟ್ಟಲಾಗದವರು ಮನೆ ಮಾರಿದರೂ ಸಾಲ ತೀರುತ್ತಿರಲಿಲ್ಲ. 2008ರ ಸೆಪ್ಟೆಂಬರ್ 15ರಂದು, 1850ರಲ್ಲಿ ಸ್ಥಾಪನೆಯಾಗಿದ್ದ ಲೇಮನ್ ಬ್ರದರ್ಸ್ 60,000 ಕೋಟಿ ಡಾಲರ್‌ಗೂ ಹೆಚ್ಚು ಸಾಲದೊಂದಿಗೆ ದಿವಾಳಿ ಅರ್ಜಿ ಹಾಕಿತು. ಮರುದಿನವೇ ಎಐಜಿ ಎಂಬ ವಿಮಾ ದೈತ್ಯನನ್ನು ಉಳಿಸಲು 8,500 ಕೋಟಿ ಡಾಲರ್ ನೆರವು ಪ್ರಕಟವಾಯಿತು. ಮತದಾನಕ್ಕೆ ಉಳಿದಿದ್ದದ್ದು ಏಳು ವಾರ.

ಬಾಕಿ ಯಾರ ಹೆಸರಿಗೆ?

ನಷ್ಟವಾದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, ಇದಕ್ಕೆ ಯಾರು ಕಾರಣ? ಆಗ ಟಿವಿ ಚರ್ಚೆಗಳಲ್ಲೂ ರಾಜಕೀಯ ಭಾಷಣಗಳಲ್ಲೂ ಒಂದು ಉತ್ತರ ಓಡಾಡತೊಡಗಿತು. 1977ರ ಸಮುದಾಯ ಮರುಹೂಡಿಕೆ ಕಾಯ್ದೆ ಬಡವರಿಗೂ ಅಲ್ಪಸಂಖ್ಯಾತರಿಗೂ ಸಾಲ ಕೊಡಿ ಎಂದು ಬ್ಯಾಂಕುಗಳನ್ನು ಒತ್ತಾಯಿಸಿತು, ಅದರಿಂದಲೇ ಎಲ್ಲ ಮುಳುಗಿತು ಎಂಬುದು ಆ ಉತ್ತರ. ಕೇಳಲು ಸರಳ. ಲೆಕ್ಕವೂ ತಾಳೆಯಾದಂತೆ ಕಾಣುತ್ತದೆ.

ಆದರೆ ಆ ಕಾಯ್ದೆ ಏಕೆ ಬಂತು ಎಂದು ನೋಡಬೇಕು. 1930ರ ದಶಕದಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಯೊಂದು ನಗರಗಳ ನಕ್ಷೆ ತಯಾರಿಸಿ, ಸಾಲಕ್ಕೆ ಅಪಾಯಕಾರಿ ಎನಿಸಿದ ಬಡಾವಣೆಗಳಿಗೆ ಕೆಂಪು ಬಣ್ಣ ಹಚ್ಚಿತ್ತು. ಕಪ್ಪುವರ್ಣೀಯರು ವಾಸಿಸುತ್ತಿದ್ದ ಬಡಾವಣೆಗಳಿಗೆ ಸಾಮಾನ್ಯವಾಗಿ ಆ ಕೆಂಪೇ ಬಿದ್ದಿತ್ತು. ದುಡಿಯುವ, ಉಳಿಸುವ ಕುಟುಂಬಕ್ಕೂ ಅಲ್ಲಿ ಸಾಲ ಸಿಗುವುದು ಕಷ್ಟವಾಗಿತ್ತು. ಈ ತಾರತಮ್ಯವನ್ನು 1968ರಲ್ಲಿ ಕಾನೂನು ನಿಷೇಧಿಸಿತು. 1977ರ ಕಾಯ್ದೆ, ನೀವು ಯಾವ ಬಡಾವಣೆಯಿಂದ ಠೇವಣಿ ಪಡೆಯುತ್ತೀರೋ ಅಲ್ಲಿಗೂ ಸಾಲ ಕೊಡಿ, ಆದರೆ ಸುರಕ್ಷಿತವಾಗಿ ಕೊಡಿ ಎಂದು ಬ್ಯಾಂಕುಗಳಿಗೆ ಹೇಳಿತು.

ಕುಸಿತದ ಕಾರಣ ಹುಡುಕಲು ನೇಮಕವಾದ ತನಿಖಾ ಆಯೋಗ 2011ರಲ್ಲಿ ವರದಿ ಕೊಟ್ಟಿತು. ದುಬಾರಿ ಬಡ್ಡಿಯ ಸಾಲಗಳಲ್ಲಿ ಈ ಕಾಯ್ದೆಯ ಸಂಬಂಧ ಇದ್ದದ್ದು ಶೇ. 6ರಷ್ಟಕ್ಕೆ ಮಾತ್ರ, ಹಾಗಾಗಿ ಕಾಯ್ದೆ ದೊಡ್ಡ ಕಾರಣವಲ್ಲ ಎಂಬುದು ಆಯೋಗದ ಬಹುಮತದ ತೀರ್ಮಾನ. ಅದೇ ವರ್ಷದ ಡಿಸೆಂಬರ್‌ನಲ್ಲಿ ಇನ್ನೊಂದು ಸಂಗತಿ ಹೊರಬಂತು. ಕಂಟ್ರಿವೈಡ್ ಎಂಬ ದೊಡ್ಡ ಗೃಹಸಾಲ ಕಂಪನಿ ಎರಡು ಲಕ್ಷಕ್ಕೂ ಹೆಚ್ಚು ಕಪ್ಪುವರ್ಣೀಯ ಮತ್ತು ಹಿಸ್ಪಾನಿಕ್ ಗ್ರಾಹಕರಿಗೆ, ಅಷ್ಟೇ ಅರ್ಹತೆಯ ಬಿಳಿಯರಿಗಿಂತ ಹೆಚ್ಚು ಶುಲ್ಕ ಹಾಕಿತ್ತು ಅಥವಾ ಅವರನ್ನು ಸಬ್‌ಪ್ರೈಮ್ ಸಾಲಕ್ಕೆ ತಳ್ಳಿತ್ತು ಎಂಬುದು ನ್ಯಾಯ ಇಲಾಖೆಯ ಆರೋಪ. ಅದರ ಇತ್ಯರ್ಥಕ್ಕೆ 33.5 ಕೋಟಿ ಡಾಲರ್ ಕೊಡಬೇಕಾಯಿತು.

ಅಂದರೆ ಯಾರು ಹೆಚ್ಚು ಸುಲಿಗೆಗೆ ಒಳಗಾದರೋ ಅವರ ಖಾತೆಗೇ ನಷ್ಟದ ಹೊಣೆಯನ್ನೂ ಬರೆಯಲಾಯಿತು. ಸರ್ ಹೇಳಿದ ಗಣೇಶನ ಕಥೆಯೇ ಇದು.

ಹೆಸರಿನ ಭಯ

ರಿಪಬ್ಲಿಕನ್ ಪಕ್ಷದ ಅಭ್ಯರ್ಥಿ ಅರಿಜೋನಾದ ಸೆನೆಟರ್ ಜಾನ್ ಮೆಕೇನ್. ಡೆಮಾಕ್ರಟಿಕ್ ಪಕ್ಷದಿಂದ ಇಲಿನಾಯ್ಸ್‌ನ ಸೆನೆಟರ್ ಬರಾಕ್ ಹುಸೇನ್ ಒಬಾಮ. ಒಬಾಮ ಅವರ ತಂದೆ ಕೀನ್ಯಾದವರು, ತಾಯಿ ಕಾನ್ಸಾಸ್‌ನ ಬಿಳಿಯ ಮಹಿಳೆ. ಅವರು ಕ್ರೈಸ್ತರು. ಆದರೂ ಅವರು ಗುಟ್ಟಾಗಿ ಮುಸ್ಲಿಂ ಎಂಬ ವದಂತಿ ಇಮೇಲ್‌ಗಳಲ್ಲಿ ಹರಡಿತು. ಕೆಲವು ಎದುರಾಳಿ ಸಭೆಗಳಲ್ಲಿ ಭಾಷಣಕಾರರು ಅವರ ಮಧ್ಯದ ಹೆಸರನ್ನು ಒತ್ತಿ ಒತ್ತಿ ಹೇಳುತ್ತಿದ್ದರು. ನಮ್ಮ ನಾನಾ ಅವರ ಹೆಸರಿನಲ್ಲೂ ಹುಸೇನ್ ಇದೆ. ಮನೆಯಲ್ಲಿ ಗೌರವದಿಂದ ಕರೆಯುವ ಒಂದು ಹೆಸರು ಬೇರೆ ಕಡೆ ಜನರನ್ನು ಹೆದರಿಸಲು ಬಳಕೆಯಾಗಿತ್ತು ಎಂದು ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಈ ಭಯ ಒಬಾಮ ಅವರ ಪ್ರಚಾರ ತಂಡವನ್ನೂ ಮುಟ್ಟಿತ್ತು. 2008ರ ಜೂನ್‌ನಲ್ಲಿ ಡೆಟ್ರಾಯಿಟ್ ಸಭೆಯಲ್ಲಿ, ಹಿಜಾಬ್ ಧರಿಸಿದ್ದ ಇಬ್ಬರು ಯುವತಿಯರಿಗೆ ವೇದಿಕೆಯ ಹಿಂದೆ, ಕ್ಯಾಮೆರಾದಲ್ಲಿ ಕಾಣುವ ಜಾಗದಲ್ಲಿ ಕುಳಿತುಕೊಳ್ಳಲು ಸ್ವಯಂಸೇವಕರು ಬಿಡಲಿಲ್ಲ. ಮುಂದೆ ಒಬಾಮ ಅವರೇ ಫೋನ್ ಮಾಡಿ ಕ್ಷಮೆ ಕೇಳಿದರು. ಒಳ್ಳೆಯ ಪಕ್ಷ, ಕೆಟ್ಟ ಪಕ್ಷ ಎಂದು ಸುಲಭವಾಗಿ ಗೆರೆ ಎಳೆಯಲು ಆಗುವುದಿಲ್ಲ ಎಂಬುದಕ್ಕೆ ಇದನ್ನು ಹೇಳುತ್ತಿದ್ದೇನೆ.

ಆರ್ಥಿಕ ಭಯ ಬಣ್ಣದ ಕೋಪವಾಗಿ ಬದಲಾಗುವುದು ಹೇಗೆ ಎಂಬುದನ್ನು ಒಬಾಮ ಮಾರ್ಚ್ 18ರ ಫಿಲಡೆಲ್ಫಿಯಾ ಭಾಷಣದಲ್ಲಿ ವಿವರಿಸಿದ್ದರು. ಅವರ ಚರ್ಚಿನ ಪಾದ್ರಿಯ ಮಾತುಗಳು ವಿವಾದವಾಗಿದ್ದವು, ಅದಕ್ಕೆ ಉತ್ತರವಾಗಿ ಮಾಡಿದ ಭಾಷಣ ಅದು. ಕಪ್ಪುವರ್ಣೀಯರ ಕೋಪಕ್ಕೆ ಚರಿತ್ರೆಯ ಕಾರಣಗಳಿವೆ ಎಂದ ಅವರು ಅಲ್ಲಿಗೇ ನಿಲ್ಲಲಿಲ್ಲ. ಕೆಲಸ ಹೊರದೇಶಕ್ಕೆ ಹೋದದ್ದನ್ನು, ಜೀವಮಾನ ದುಡಿದು ಗಳಿಸಿದ ಪಿಂಚಣಿ ಕರಗಿದ್ದನ್ನು ಕಂಡ ಬಿಳಿಯ ಕಾರ್ಮಿಕರ ಕೋಪವೂ ನಿಜವೇ ಎಂದರು. ಅವಕಾಶ ಕಡಿಮೆಯಾದಾಗ ಇನ್ನೊಬ್ಬನಿಗೆ ಸಿಕ್ಕಿದ್ದೆಲ್ಲ ನನ್ನಿಂದ ಕಿತ್ತುಕೊಂಡದ್ದು ಎನಿಸತೊಡಗುತ್ತದೆ ಎಂಬುದು ಅವರ ವಿವರಣೆಯ ಸಾರ. ನೋವು ಸತ್ಯ, ಆದರೆ ಬೆರಳು ತೋರಿಸಿದ ದಿಕ್ಕು ತಪ್ಪು.

ನಾಯಕರ ಪರೀಕ್ಷೆ

ಲೇಮನ್ ಮುಳುಗಿದ ದಿನವೇ ಮೆಕೇನ್ ಫ್ಲಾರಿಡಾದಲ್ಲಿ, ನಮ್ಮ ಅರ್ಥವ್ಯವಸ್ಥೆಯ ಬುನಾದಿ ಗಟ್ಟಿಯಾಗಿದೆ ಎಂದರು. ಕೆಲಸ ಕಳೆದುಕೊಳ್ಳುವ ಭಯದಲ್ಲಿದ್ದ ಜನಕ್ಕೆ ಅದು ಹಿಡಿಸಲಿಲ್ಲ. ಸೆಪ್ಟೆಂಬರ್ 24ರಂದು ಅವರು, ಪ್ರಚಾರ ನಿಲ್ಲಿಸಿ ವಾಷಿಂಗ್ಟನ್‌ಗೆ ಹೋಗುತ್ತೇನೆ, 26ರ ಚರ್ಚೆಯನ್ನು ಮುಂದೂಡಿ ಎಂದರು. ಅಧ್ಯಕ್ಷನಾದವನು ಒಂದಕ್ಕಿಂತ ಹೆಚ್ಚು ಕೆಲಸ ಒಟ್ಟಿಗೆ ನಿಭಾಯಿಸಬೇಕಾಗುತ್ತದೆ ಎಂದು ಒಬಾಮ ಉತ್ತರಿಸಿದರು. ಕೊನೆಗೆ ಚರ್ಚೆ ನಡೆಯಿತು.

ಅದು ನಡೆದದ್ದು ಮಿಸಿಸಿಪ್ಪಿ ವಿಶ್ವವಿದ್ಯಾಲಯದಲ್ಲಿ. 1962ರಲ್ಲಿ ಜೇಮ್ಸ್ ಮೆರಿಡಿತ್ ಎಂಬ ಕಪ್ಪುವರ್ಣೀಯ ವಿದ್ಯಾರ್ಥಿ ಅಲ್ಲಿ ಪ್ರವೇಶ ಪಡೆಯಲು ಹೋದಾಗ ಗಲಭೆಯಾಗಿ ಇಬ್ಬರು ಸತ್ತಿದ್ದರು. ಅಧ್ಯಕ್ಷ ಕೆನಡಿ ಸೈನ್ಯ ಕಳುಹಿಸಬೇಕಾಗಿತ್ತು. 46 ವರ್ಷಗಳ ನಂತರ ಅದೇ ಕ್ಯಾಂಪಸ್ಸಿನ ವೇದಿಕೆಯಲ್ಲಿ ಒಬ್ಬ ಕಪ್ಪುವರ್ಣೀಯ ಅಭ್ಯರ್ಥಿ ದೇಶದ ಆರ್ಥಿಕತೆಯ ಬಗ್ಗೆ ಮಾತಾಡಿದರು.

ಸೆಪ್ಟೆಂಬರ್ 29ರಂದು ಬ್ಯಾಂಕುಗಳ ರಕ್ಷಣಾ ಮಸೂದೆ ಕೆಳಮನೆಯಲ್ಲಿ 228-205 ಮತಗಳಿಂದ ಬಿದ್ದುಹೋಯಿತು. ಅಂದು ಡೌ ಜೋನ್ಸ್ ಸೂಚ್ಯಂಕ 777 ಅಂಶ ಕುಸಿಯಿತು. ತಿದ್ದುಪಡಿಯಾದ 70,000 ಕೋಟಿ ಡಾಲರ್‌ಗಳ ಮಸೂದೆಗೆ ಸೆನೆಟ್‌ನಲ್ಲಿ ಮೆಕೇನ್, ಒಬಾಮ ಇಬ್ಬರೂ ಒಪ್ಪಿಗೆ ಕೊಟ್ಟರು. ಅಕ್ಟೋಬರ್ 3ರಂದು ಅದು ಕಾಯ್ದೆಯಾಯಿತು.

ಆದರೆ ನನ್ನ ಮಟ್ಟಿಗೆ ನಾಯಕತ್ವದ ನಿಜವಾದ ಪರೀಕ್ಷೆ ನಡೆದದ್ದು ಅಕ್ಟೋಬರ್ 10ರಂದು, ಮಿನ್ನೆಸೋಟದ ಲೇಕ್‌ವಿಲ್ ಊರಿನ ಸಭೆಯಲ್ಲಿ. ಒಬಾಮ ಅಧ್ಯಕ್ಷರಾದರೆ ಭಯವಾಗುತ್ತದೆ ಎಂದು ಮೆಕೇನ್ ಬೆಂಬಲಿಗರೊಬ್ಬರು ಹೇಳಿದರು. ಅವರು ಸಭ್ಯ ವ್ಯಕ್ತಿ, ಹೆದರಬೇಕಾಗಿಲ್ಲ ಎಂದು ಮೆಕೇನ್ ಉತ್ತರಿಸಿದಾಗ ಸ್ವಂತ ಬೆಂಬಲಿಗರೇ ಕೂಗಿ ಪ್ರತಿಭಟಿಸಿದರು. ನಂತರ ಒಬ್ಬ ಮಹಿಳೆ, ಒಬಾಮ ಅರಬ್ ಎಂದರು. ಮೆಕೇನ್ ಮೈಕ್ ಹಿಂದಕ್ಕೆ ತೆಗೆದುಕೊಂಡು, ಇಲ್ಲಮ್ಮ, ಅವರು ಸಭ್ಯ ಸಂಸಾರಸ್ಥರು, ಈ ದೇಶದ ಪ್ರಜೆ, ನಮಗೆ ಭಿನ್ನಾಭಿಪ್ರಾಯ ಇದೆ ಅಷ್ಟೆ ಎಂದರು. ಆ ಭಯವನ್ನು ಮತವಾಗಿಸಿಕೊಳ್ಳುವ ಅವಕಾಶ ಕೈಯಲ್ಲೇ ಇತ್ತು. ಅವರು ಅದನ್ನು ಬಿಟ್ಟುಕೊಟ್ಟರು. ಅದಕ್ಕೆ ಅವರನ್ನು ಮೆಚ್ಚಲೇಬೇಕು.

ಆದರೂ ಆ ಉತ್ತರದಲ್ಲಿ ಒಂದು ಮುಳ್ಳು ಉಳಿಯುತ್ತದೆ. ಅರಬ್ ಎಂಬ ಮಾತಿಗೆ "ಇಲ್ಲ, ಸಭ್ಯರು" ಎಂಬುದು ಉತ್ತರವಾದರೆ, ಅರಬನಾಗಿದ್ದು ಸಭ್ಯನೂ ಆಗಿರುವುದು ಸಾಧ್ಯವಿಲ್ಲವೇ? ಈ ಮುಳ್ಳನ್ನು ತೆಗೆದವರು ಕಾಲಿನ್ ಪೊವೆಲ್. ಅವರು ರಿಪಬ್ಲಿಕನ್, ಸೇನೆಯ ಮಾಜಿ ಜನರಲ್, ಬುಷ್ ಸರ್ಕಾರದ ಮಾಜಿ ವಿದೇಶಾಂಗ ಮಂತ್ರಿ. ಅಕ್ಟೋಬರ್ 19ರ ಟಿವಿ ಸಂದರ್ಶನದಲ್ಲಿ ಅವರು ಒಬಾಮ ಅವರನ್ನು ಬೆಂಬಲಿಸುತ್ತಾ, ಒಬಾಮ ಮುಸ್ಲಿಂ ಅಲ್ಲ ಎಂಬುದು ಸರಿಯಾದ ಉತ್ತರ, ಆದರೆ ನಿಜವಾಗಿ ಸರಿಯಾದ ಉತ್ತರ, ಮುಸ್ಲಿಂ ಆಗಿದ್ದರೆ ಏನಾಯಿತು ಎಂಬುದು ಎಂದರು. ಈ ದೇಶದ ಏಳು ವರ್ಷದ ಮುಸ್ಲಿಂ ಮಗುವೊಂದು ಅಧ್ಯಕ್ಷನಾಗುವ ಕನಸು ಕಂಡರೆ ತಪ್ಪೇ ಎಂದೂ ಕೇಳಿದರು. ಇರಾಕ್‌ನಲ್ಲಿ ಅಮೆರಿಕದ ಪರವಾಗಿ ಹೋರಾಡಿ 20ನೇ ವಯಸ್ಸಿನಲ್ಲಿ ಸತ್ತ ಮುಸ್ಲಿಂ ಸೈನಿಕನ ಸಮಾಧಿಗೆ ತಲೆಯಾನಿಸಿ ಕುಳಿತ ತಾಯಿಯ ಫೋಟೋ ನೋಡಿದ್ದನ್ನು ನೆನೆದರು. ಆ ಕಲ್ಲಿನ ಮೇಲೆ ಅರ್ಧಚಂದ್ರ ಮತ್ತು ನಕ್ಷತ್ರ ಇತ್ತು.

ಫಲಿತಾಂಶ ಹೇಳಿದ್ದು

1982ರಲ್ಲಿ ಕ್ಯಾಲಿಫೋರ್ನಿಯಾ ಗವರ್ನರ್ ಚುನಾವಣೆಯಲ್ಲಿ ಟಾಮ್ ಬ್ರಾಡ್ಲಿ ಎಂಬ ಕಪ್ಪುವರ್ಣೀಯ ನಾಯಕ ಸಮೀಕ್ಷೆಗಳಲ್ಲಿ ಮುಂದಿದ್ದೂ ಸೋತಿದ್ದರು. ಬಾಯಲ್ಲಿ ಹೌದೆಂದು ಮತಗಟ್ಟೆಯಲ್ಲಿ ಕೈಬಿಡುತ್ತಾರೆ ಎಂಬ ಆತಂಕ 2008ರಲ್ಲೂ ಇತ್ತು. ಹಾಗಾಗಲಿಲ್ಲ. ನವೆಂಬರ್ 4ರಂದು ಒಬಾಮ 365 ಎಲೆಕ್ಟೋರಲ್ ಮತಗಳಿಂದ ಗೆದ್ದರು. ಮೆಕೇನ್‌ಗೆ 173 ಬಂದವು. ಮತಗಟ್ಟೆ ಸಮೀಕ್ಷೆಯಲ್ಲಿ ಶೇ. 63 ಜನ ಆರ್ಥಿಕತೆಯೇ ಮುಖ್ಯ ವಿಷಯ ಎಂದಿದ್ದರು. ಜೇಬಿನ ಭಯ ಈ ಸಲ ಎಷ್ಟೋ ಜನರಿಗೆ "ಅವನು ಯಾರವನು" ಎಂಬ ಪ್ರಶ್ನೆ ಬಿಟ್ಟು "ಯಾರು ನಿಭಾಯಿಸುತ್ತಾರೆ" ಎಂದು ಕೇಳುವಂತೆ ಮಾಡಿತು.

ಹಾಗೆಂದು ಬಣ್ಣ ಅಳಿಸಿಹೋಗಲಿಲ್ಲ. ದೇಶದ ಬಿಳಿಯ ಮತದಾರರಲ್ಲಿ ಒಬಾಮ ಅವರಿಗೆ ಸಿಕ್ಕಿದ್ದು ಶೇ. 43. ಆ ಐತಿಹಾಸಿಕ ಚರ್ಚೆ ನಡೆದ ಮಿಸಿಸಿಪ್ಪಿಯಲ್ಲಿ ಸುಮಾರು ಶೇ. 11 ಮಾತ್ರ. ನಷ್ಟವೂ ಸಮನಾಗಿ ಹಂಚಿಕೆಯಾಗಲಿಲ್ಲ. 2009ರ ಅಕ್ಟೋಬರ್‌ನಲ್ಲಿ ನಿರುದ್ಯೋಗ ದರ ಶೇ. 10ಕ್ಕೆ ಮುಟ್ಟಿತು. ಕಪ್ಪುವರ್ಣೀಯರಲ್ಲಿ ಅದು 2010ರಲ್ಲಿ ಶೇ. 16 ದಾಟಿತ್ತು.

ಗೆದ್ದ ನಾಯಕನೂ ಭಯಕ್ಕೆ ಒಂದು ಹೆಸರು ಕೊಡದೆ ಇರಲಿಲ್ಲ. 2009ರ ಮೇ 4ರಂದು ತೆರಿಗೆ ಸುಧಾರಣೆ ಪ್ರಕಟಿಸುತ್ತಾ ಒಬಾಮ, ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಕೆಲಸ ಸೃಷ್ಟಿಸುವುದಕ್ಕಿಂತ ಭಾರತದ ಬೆಂಗಳೂರಿನಲ್ಲಿ ಸೃಷ್ಟಿಸಿದರೆ ಕಡಿಮೆ ತೆರಿಗೆ ಬೀಳುವ ವ್ಯವಸ್ಥೆ ಇದೆ ಎಂದು ಟೀಕಿಸಿದರು. ತಪ್ಪಿದ್ದದ್ದು ಅಮೆರಿಕದ ತೆರಿಗೆ ಕಾನೂನಿನಲ್ಲಿ. ಕೇಳಿದವರ ಮನಸ್ಸಿನಲ್ಲಿ ಉಳಿದದ್ದು ನಮ್ಮ ರಾಜಧಾನಿಯ ಹೆಸರು.

ಮುಂದಿನ ವರ್ಷ ನನಗೆ 18 ತುಂಬುತ್ತದೆ. ನಮ್ಮಲ್ಲಿ ಬಹಳ ಜನ ಸದ್ಯದಲ್ಲೇ ಮೊದಲ ಬಾರಿ ಮತ ಹಾಕುತ್ತೇವೆ. ಬೆಲೆ ಏರಿದಾಗ, ಕೆಲಸ ಸಿಗದಾಗ ಯಾರಾದರೂ ನಮ್ಮೆದುರು ಒಂದು ಜನಾಂಗದ, ಒಂದು ಧರ್ಮದ, ಒಂದು ಊರಿನ ಹೆಸರು ಹೇಳಬಹುದು. ಅದು ನಮ್ಮದೇ ಹೆಸರಾಗಿರಬಹುದು, ಬೇರೆಯವರದೂ ಆಗಿರಬಹುದು. ನಮ್ಮ ಹೆಸರು ಬಂದಾಗ ಮಾತ್ರ ನೋಯುವುದು ಸಾಲದು. ನಾವು ಕಾಮರ್ಸ್ ಓದುವವರು. ಮೊತ್ತ ತಾಳೆಯಾಯಿತೆಂದು ಪುಸ್ತಕ ಮುಚ್ಚಬಾರದು. ವೋಚರ್ ತೆಗೆದು ನೋಡಬೇಕು, ಸಾಮಾನು ಒಯ್ದವರು ಯಾರು, ಬಾಕಿ ಯಾರ ಖಾತೆಗೆ ಬಿದ್ದಿದೆ ಎಂದು.