ಕತ್ತರಿಯಲ್ಲಿ ಅರಳಿದ ರಾಜಕುಮಾರ

ಕಿಂದರಿಜೋಗಿಯ ಕಥೆ ನಮಗೆಲ್ಲ ಗೊತ್ತು. ಕುವೆಂಪು ಅದನ್ನು ಬೊಮ್ಮನಹಳ್ಳಿಗೆ ಕರೆತಂದರು. ಮೂಲದಲ್ಲಿ ಅದು ಜರ್ಮನಿಯ ಹ್ಯಾಮೆಲಿನ್ ಊರಿನ ಕಥೆ. 1918ರಲ್ಲಿ ನಟ, ನಿರ್ದೇಶಕ ಪೌಲ್ ವೆಗೆನರ್ ಅದನ್ನು ಮೂಕಿ ಚಿತ್ರವಾಗಿಸಲು ಹೊರಟಾಗ ಇಲಿಗಳೇ ಕೈಕೊಟ್ಟವು. ಜೋಗಿಯ ಹಿಂದೆ ಸಾಲಾಗಿ ಹೋಗಲು ಅವು ಒಪ್ಪಲಿಲ್ಲ! ಕೊನೆಗೆ ಮರದ ಇಲಿಗಳನ್ನು ಮಾಡಿ, ಒಂದೊಂದು ಫ್ರೇಮ್‌ಗೂ ಒಂದಿಷ್ಟು ಸರಿಸಿ ಚಿತ್ರೀಕರಿಸಿದರು. ಆ ಕೆಲಸದಲ್ಲಿ ಕೈಜೋಡಿಸಿದವರು ಬರ್ಲಿನ್‌ನ ಹುಡುಗಿ ಲೋಟೆ ರೈನಿಗರ್. ವಯಸ್ಸು ಇನ್ನೂ ಇಪ್ಪತ್ತು ತುಂಬಿರಲಿಲ್ಲ.

ಕಪ್ಪು ಕಾಗದ ಮತ್ತು ಕತ್ತರಿ ಸಿಕ್ಕರೆ ಸಾಕು, ಲೋಟೆ ಕೈಯಲ್ಲಿ ನೆರಳಿನ ಬೊಂಬೆಗಳು ಮೂಡುತ್ತಿದ್ದವು. 1923ರಲ್ಲಿ ಜರ್ಮನಿಯಲ್ಲಿ ಹಣದುಬ್ಬರ ಮಿತಿಮೀರಿತ್ತು. ನೋಟಿನ ಬೆಲೆ ಕರಗುವ ಭಯಕ್ಕೆ ಲೂಯಿ ಹಾಗೆನ್ ಎಂಬ ಬ್ಯಾಂಕರ್ ಕಚ್ಚಾ ಫಿಲ್ಮ್ ಕೊಂಡಿಟ್ಟಿದ್ದರು. ಅದರಲ್ಲಿ ಪೂರ್ಣಪ್ರಮಾಣದ ನೆರಳು ಚಿತ್ರ ಮಾಡುವಂತೆ ಅವರು ಲೋಟೆಯನ್ನು ಕೇಳಿದರು. ಆನಿಮೇಷನ್ ಎಂದರೆ ಕೆಲವೇ ನಿಮಿಷಗಳ ತಮಾಷೆ ಎಂದು ನಂಬಿದ್ದ ಕಾಲವದು.

ಪಾಟ್ಸ್‌ಡ್ಯಾಮ್‌ನಲ್ಲಿ ಹಾಗೆನ್ ಅವರ ಗ್ಯಾರೇಜಿನ ಮೇಲಿನ ಅಟ್ಟವೇ ಸ್ಟುಡಿಯೊ ಆಯಿತು. ಗಾಜಿನ ಮೇಜು, ಕೆಳಗಿನಿಂದ ಬೆಳಕು, ಮೇಲೆ ಕ್ಯಾಮೆರಾ. ರಟ್ಟು ಮತ್ತು ತೆಳು ಸೀಸದ ಬೊಂಬೆಗಳ ಕೀಲುಗಳಿಗೆ ತಂತಿ. ಕೈಯನ್ನು ಕೂದಲೆಳೆಯಷ್ಟು ಸರಿಸಬೇಕು, ಒಂದು ಫ್ರೇಮ್ ತೆಗೆಯಬೇಕು, ಮತ್ತೆ ಸರಿಸಬೇಕು. ಗಾಜಿನ ಹಲಗೆಗಳನ್ನು ಒಂದರ ಮೇಲೊಂದು ಅಂತರವಿಟ್ಟು ಜೋಡಿಸಿ ದೃಶ್ಯಕ್ಕೆ ಆಳ ತಂದರು. ಪತಿ ಕಾರ್ಲ್ ಕೋಖ್ ಜೊತೆಗಿದ್ದರು. ಹೀಗೆ ಮೂರು ವರ್ಷ!

1926ರಲ್ಲಿ ತೆರೆಕಂಡ 'ರಾಜಕುಮಾರ ಅಹ್ಮದನ ಸಾಹಸಗಳು' ಅರೇಬಿಯನ್ ನೈಟ್ಸ್ ಕಥೆಗಳಿಂದ ಹೆಣೆದ ಚಿತ್ರ. ಹಾರುವ ಕುದುರೆ, ಅಲ್ಲಾದೀನ್, ಮಾಂತ್ರಿಕ, ಮಾಟಗಾತಿ ಎಲ್ಲರೂ ಇದ್ದಾರೆ. ಮಾಂತ್ರಿಕ ಮತ್ತು ಮಾಟಗಾತಿ ಕ್ಷಣಕ್ಕೊಂದು ರೂಪ ತಾಳಿ ಕಾದಾಡುವ ದೃಶ್ಯವನ್ನು ಮೊಬೈಲ್‌ನಲ್ಲಿ ಮೂರು ಸಲ ಹಿಂದಕ್ಕೆಳೆದು ನೋಡಿದೆ. ಬೊಂಬೆಗಳ ಮುಖ ಬರೀ ಕಪ್ಪು. ಕತ್ತಿನ ಬಾಗು, ಬೆರಳ ತುದಿಯಲ್ಲೇ ನಾಚಿಕೆ, ಸಿಟ್ಟು ಎಲ್ಲ ತಿಳಿಯುತ್ತದೆ.

ಡಿಸ್ನಿಯ 'ಸ್ನೋ ವೈಟ್' ಬಂದದ್ದು ಇದಾಗಿ ಹನ್ನೊಂದು ವರ್ಷಕ್ಕೆ. ಇಂದು ಉಳಿದಿರುವ ಪೂರ್ಣಪ್ರಮಾಣದ ಆನಿಮೇಷನ್ ಚಿತ್ರಗಳಲ್ಲಿ ಅಹ್ಮದನೇ ಹಿರಿಯ. ಮೂಲ ನೆಗೆಟಿವ್ ಉಳಿಯಲಿಲ್ಲ. ಬ್ರಿಟನ್‌ನಲ್ಲಿದ್ದ ಹಳೆಯ ಪ್ರತಿಯೊಂದು ನೆರವಿಗೆ ಬಾರದಿದ್ದರೆ ನಾವಿದನ್ನು ಹೀಗೆ ನೋಡುತ್ತಿರಲಿಲ್ಲ.

ಒಳ್ಳೆಯ ಲ್ಯಾಪ್‌ಟಾಪ್ ಬರಲಿ, ಆಮೇಲೆ ಶುರು ಮಾಡೋಣ ಎಂದು ನಾನು ಮುಂದೂಡಿದ ಪ್ರಾಜೆಕ್ಟ್‌ಗಳಿಗೆ ಲೆಕ್ಕವಿಲ್ಲ. ಚಿತ್ರ ಮುಗಿದ ರಾತ್ರಿ, ಇರುವ ಹಳೆಯ ಲ್ಯಾಪ್‌ಟಾಪನ್ನೇ ತೆರೆದು ಕೂತೆ.